ಕೈಗೆ ಗೊತ್ತಿದ್ದ ದಾರಿ: ದಿನಬಳಕೆಯ ಯಂತ್ರಗಳನ್ನು ರೂಪಿಸುವವರಿಗೊಂದು ಬಹಿರಂಗ ಪತ್ರ

ದಿನಬಳಕೆಯ ಯಂತ್ರಗಳನ್ನೂ ಅವುಗಳ ಪರದೆಗಳನ್ನೂ ರೂಪಿಸುವ ಮಾನ್ಯರಿಗೆ,

ನಮಸ್ಕಾರಗಳು.

ಕಳೆದ ತಿಂಗಳು ನನ್ನ ಪಿನ್ ಸಂಖ್ಯೆ ನನಗೇ ಮರೆತುಹೋಯಿತು. ಮರೆಯಿತು ಎಂದರೂ ಪೂರ್ತಿ ನಿಜವಲ್ಲ. ವರ್ಷಗಳಿಂದ ಅದೇ ನಾಲ್ಕು ಅಂಕಿ. ಯಂತ್ರದ ಮುಂದೆ ನಿಂತರೆ ಸಾಕು, ಬೆರಳು ತನ್ನಷ್ಟಕ್ಕೆ ನಾಲ್ಕು ಕಡೆ ಒತ್ತಿ ಹಿಂದಿರುಗುತ್ತಿತ್ತು. ನಾನು ಇನ್ನೇನನ್ನೋ ಯೋಚಿಸುತ್ತ ನಿಂತಿರುತ್ತಿದ್ದೆ. ಆ ದಿನ ಮೊಬೈಲಿನ ಒಂದು ಆ್ಯಪ್ ಅದೇ ಸಂಖ್ಯೆಯನ್ನು ಕೇಳಿತು. ಆದರೆ ಅಂಕಿಗಳನ್ನು ಇಸ್ಪೀಟೆಲೆಗಳಂತೆ ಕಲಸಿಟ್ಟಿತ್ತು. ಒಂದು ಇರಬೇಕಾದಲ್ಲಿ ಏಳು, ಒಂಬತ್ತು ಇರಬೇಕಾದಲ್ಲಿ ಸೊನ್ನೆ. ನನ್ನ ಬೆರಳು ಪರದೆಯ ಮೇಲೆ ಗಾಳಿಯಲ್ಲೇ ತೂಗಾಡುತ್ತ ನಿಂತುಬಿಟ್ಟಿತು. ತಲೆಯನ್ನು ಕೇಳಿದರೆ ತಲೆಗೆ ಗೊತ್ತಿಲ್ಲ. ಅದು ಯಾವತ್ತೋ ಈ ಕೆಲಸವನ್ನು ಕೈಗೆ ವಹಿಸಿ ಕೈತೊಳೆದುಕೊಂಡಿತ್ತು.

ಕೊನೆಗೆ ಮೊಬೈಲನ್ನು ಪಕ್ಕಕ್ಕಿಟ್ಟು, ಕಣ್ಣು ಮುಚ್ಚಿ, ಖಾಲಿ ಮೇಜಿನ ಮೇಲೆ ಇಲ್ಲದ ಗುಂಡಿಗಳನ್ನು ಒತ್ತಿ ನೋಡಿದೆ. ಬೆರಳು ಒಂದು ದಾರಿ ಹಿಡಿಯಿತು. (ಯಾವ ದಾರಿಯೆಂದು ಹೇಳುವುದಿಲ್ಲ, ಇದು ಬಹಿರಂಗ ಪತ್ರ.) ಅದು ಹೋದ ದಾರಿಯನ್ನು ಕಾಗದದ ಮೇಲೆ ಗುರುತಿಸಿಕೊಂಡು, ಎಲ್ಲೆಲ್ಲಿ ಯಾವ ಅಂಕಿ ಬರುತ್ತದೆಂದು ಲೆಕ್ಕ ಹಾಕಿ, ನನ್ನದೇ ಗುಟ್ಟನ್ನು ನನ್ನದೇ ಕೈಯಿಂದ ಕದ್ದು ತಂದೆ. ಆಮೇಲೆ ಆ ಕಾಗದವನ್ನು ಚೂರು ಚೂರು ಮಾಡಿ ಎಸೆದೆ.

ಅಂಕಿಗಳನ್ನು ಕಲಸುವುದಕ್ಕೆ ನಿಮ್ಮಲ್ಲಿ ಕಾರಣವಿದೆ ಎಂದು ಗೊತ್ತು. ಹಿಂದೆ ನಿಂತವರು ಬೆರಳಿನ ಓಡಾಟ ನೋಡಿ ಊಹಿಸಬಾರದು, ಗಾಜಿನ ಮೇಲೆ ಉಳಿದ ಎಣ್ಣೆಗುರುತು ಗುಟ್ಟು ಬಿಟ್ಟುಕೊಡಬಾರದು. ಒಪ್ಪಿದೆ. ಈ ಒಂದು ವಿಷಯದಲ್ಲಿ ನಿಮ್ಮೊಂದಿಗೆ ಜಗಳವಿಲ್ಲ. ಆದರೆ ಮೇಜಿನ ಮೇಲೆ ಕಣ್ಣು ಮುಚ್ಚಿ ಕುಳಿತ ಆ ಎರಡು ನಿಮಿಷ ನನ್ನನ್ನು ಬೇರೊಂದು ಯೋಚನೆಗೆ ಹಚ್ಚಿತು. ನನ್ನ ದಿನದ ಎಷ್ಟೊಂದು ಭಾಗವನ್ನು ನನಗೆ ತಿಳಿಯದಂತೆ ನನ್ನ ಕೈಗಳೇ ನಡೆಸುತ್ತಿದ್ದವು, ಅವುಗಳಲ್ಲಿ ಎಷ್ಟನ್ನು ನೀವು ಒಂದೊಂದಾಗಿ ಕಣ್ಣಿನ ಲೆಕ್ಕಕ್ಕೆ ವರ್ಗಾಯಿಸಿದ್ದೀರಿ ಎಂದು ಎಣಿಸತೊಡಗಿದೆ. ಈ ಪತ್ರ ಅದರಿಂದ ಹುಟ್ಟಿದ್ದು.

ಕೈಯ ನೆನಪು ಕವಿಗಳ ಮಾತಲ್ಲ. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬ ತರುಣನಿಗೆ ಅಪಸ್ಮಾರ ನಿಲ್ಲಲೆಂದು ಮಿದುಳಿನ ಶಸ್ತ್ರಚಿಕಿತ್ಸೆ ಮಾಡಿದರು. ಅಂದಿನಿಂದ ಹೊಸದೇನೂ ಅವನ ನೆನಪಿನಲ್ಲಿ ನಿಲ್ಲದಾಯಿತು. ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಅವನಿಗೊಂದು ಕೆಲಸ ಕೊಟ್ಟರು: ಕನ್ನಡಿಯಲ್ಲಿ ಮಾತ್ರ ನೋಡುತ್ತ, ನಕ್ಷತ್ರಾಕೃತಿಯ ಎರಡು ಗೆರೆಗಳ ನಡುವೆ ಪೆನ್ಸಿಲ್ ಎಳೆಯಬೇಕು. ಬೇಕಾದರೆ ನೀವೂ ಪ್ರಯತ್ನಿಸಿ ನೋಡಿ. ಮೊದಮೊದಲು ಕೈ ಹೇಳಿದ ಮಾತು ಕೇಳುವುದಿಲ್ಲ, ಎಡಕ್ಕೆಂದರೆ ಬಲಕ್ಕೆ ಹೋಗುತ್ತದೆ. ಮೊಲೈಸನ್ ಮೂರು ದಿನ ಮಾಡಿದ. ಹಿಂದಿನ ದಿನ ಇದನ್ನೇ ಮಾಡಿದ್ದೇನೆಂಬುದು ಅವನಿಗೆ ನೆನಪೇ ಇರುತ್ತಿರಲಿಲ್ಲ, ಆದರೂ ಗೆರೆ ದಿನದಿಂದ ದಿನಕ್ಕೆ ನೇರವಾಗುತ್ತ ಬಂತು. ಅವನಿಗೆ ಮರೆತದ್ದು ಅವನ ಕೈಗೆ ಮರೆತಿರಲಿಲ್ಲ. ಸಂಗತಿಗಳ ನೆನಪು ಬೇರೆ, ಕೆಲಸದ ನೆನಪು ಬೇರೆ, ಎರಡರ ಉಗ್ರಾಣವೂ ಬೇರೆ ಎಂದು ವಿಜ್ಞಾನಕ್ಕೆ ತಿಳಿದದ್ದು ಹೀಗೆ. ನಮ್ಮ ಮಾತಿಗೆ ಇದು ಮೊದಲೇ ಗೊತ್ತಿತ್ತೇನೋ. ಪಳಗಿದ ಕೈ ಎನ್ನುತ್ತೇವೆ. ಪಳಗಿದ ತಲೆ ಎಂದು ಯಾರೂ ಅಂದದ್ದನ್ನು ನಾನು ಕೇಳಿಲ್ಲ.

ನಿಮ್ಮ ಹಿಂದಿನವರಿಗೂ ಗೊತ್ತಿತ್ತು. ನಾನು ಈ ಪತ್ರ ಬರೆಯುತ್ತಿರುವ ಕೀಲಿಮಣೆಯ ಎಫ್ ಮತ್ತು ಜೆ ಗುಂಡಿಗಳ ಮೇಲೆ ಉಗುರಿನಷ್ಟು ಅಗಲದ ಒಂದೊಂದು ಉಬ್ಬುಗೆರೆ ಇದೆ. ಹಳೆಯ ಬಟನ್ ಫೋನುಗಳ ಐದನೆಯ ಅಂಕಿಯ ಮೇಲೆ ಒಂದು ಚುಕ್ಕೆ ಇರುತ್ತಿತ್ತು, ಸಾಸಿವೆಗಿಂತ ಚಿಕ್ಕದು. ಅದನ್ನು ಯಾರೂ ಕಣ್ಣಿಟ್ಟು ನೋಡುವುದಿಲ್ಲ, ನೋಡಲೆಂದು ಇಟ್ಟದ್ದೂ ಅಲ್ಲ. ಬೆರಳು ತಡವಿಕೊಂಡು ಬಂದು ಅದನ್ನು ಮುಟ್ಟಿದೊಡನೆ, ‘ಸರಿ, ಮನೆಗೆ ಬಂದೆ’ ಎಂದುಕೊಂಡು ಉಳಿದ ದಾರಿಯನ್ನು ಅಲ್ಲಿಂದ ಲೆಕ್ಕ ಹಾಕುತ್ತದೆ. ಆ ಚುಕ್ಕೆಯನ್ನು ಇಟ್ಟವರು ಯಾರೋ ತಿಳಿಯದು. ಅವರು ಕತ್ತಲಲ್ಲಿ, ಜೇಬಿನೊಳಗೆ, ಹೊದಿಕೆಯಡಿ, ಕಣ್ಣಿಲ್ಲದವರ ಕೈಯಲ್ಲಿ ಆ ಯಂತ್ರವನ್ನು ಕಲ್ಪಿಸಿಕೊಂಡಿದ್ದರು ಎಂಬುದಂತೂ ಖಚಿತ. ಅಂಗಡಿಯ ಬೆಳಕಿನಲ್ಲಿ ಮಾತ್ರ ಕಲ್ಪಿಸಿಕೊಂಡಿದ್ದರೆ ಆ ಚುಕ್ಕೆ ಬರುತ್ತಿರಲಿಲ್ಲ.

(ಹಿಂದಿನವರೆಲ್ಲ ದೇವತೆಗಳೆಂದು ಹೇಳುತ್ತಿಲ್ಲ. ಫೋನಿನಲ್ಲಿ ಒಂದು, ಎರಡು, ಮೂರು ಮೇಲಿನ ಸಾಲಿನಲ್ಲಿ. ಕ್ಯಾಲ್ಕುಲೇಟರಿನಲ್ಲಿ ಏಳು, ಎಂಟು, ಒಂಬತ್ತು ಮೇಲಿನ ಸಾಲಿನಲ್ಲಿ. 1963ರಲ್ಲಿ ಗುಂಡಿ ಫೋನು ಮಾರುಕಟ್ಟೆಗೆ ಬಂದಂದಿನಿಂದ ಇವೆರಡೂ ಮುಖ ತಿರುಗಿಸಿಕೊಂಡು ಕುಳಿತಿವೆ. ಲೆಕ್ಕ ಬರೆಯುವವರ ಬೆರಳುಗಳು ದಿನವೂ ಈ ಎರಡು ಮನೆಗಳ ನಡುವೆ ಸಂಸಾರ ಮಾಡುತ್ತಿವೆ.)

ಈಗ ಗಾಜಿನ ಕಾಲ. ನಮ್ಮ ಮನೆಯ ವಿದ್ಯುತ್ ಒಲೆಯ ಮುಖ ನುಣುಪಾದ ಕಪ್ಪು ಗಾಜು. ಉರಿ ಹೆಚ್ಚಿಸಲು ಒಂದು ಕೂಡುಚಿಹ್ನೆ, ಇಳಿಸಲು ಒಂದು ಕಳೆಚಿಹ್ನೆ. ಒಮ್ಮೆ ನೀರು ಕಾಯಲಿಟ್ಟು ಆಚೆ ಹೋಗಿ ಬರುವಷ್ಟರಲ್ಲಿ ಉಕ್ಕಿ ಸುರಿಯುತ್ತಿತ್ತು. ಓಡಿ ಬಂದು ಕಳೆಚಿಹ್ನೆಯ ಮೇಲೆ ಬೆರಳಿಟ್ಟೆ. ಕೇಳಲಿಲ್ಲ. ಮತ್ತೆ ಇಟ್ಟೆ. ಕೇಳಲಿಲ್ಲ. ಅಷ್ಟರಲ್ಲಿ ಹರಿದು ಬಂದ ನೀರೇ ಗಾಜಿನ ಮೇಲೆ ಯಾವ ಯಾವುದೋ ಚಿಹ್ನೆಗಳನ್ನು ಒತ್ತಿ, ಒಲೆ ಕೀರಲು ದನಿಯಲ್ಲಿ ಚೀರಿಕೊಂಡು ತಾನೇ ಆರಿಹೋಯಿತು. ನನ್ನ ಬೆರಳಿನ ಮಾತಿಗೆ ಸಿಗದ ಬೆಲೆ ಚೆಲ್ಲಿದ ನೀರಿನ ಮಾತಿಗೆ ಸಿಕ್ಕಿತು! ಆಮೇಲೆ ಓದಿ ತಿಳಿದೆ: ಈ ಗಾಜಿನಡಿ ಸಣ್ಣದೊಂದು ವಿದ್ಯುತ್ ಕ್ಷೇತ್ರವಿರುತ್ತದೆ, ಬೆರಳು ಹತ್ತಿರ ಬಂದಾಗ ಅದರಲ್ಲಾಗುವ ವ್ಯತ್ಯಾಸವನ್ನು ಯಂತ್ರ ಗುರುತಿಸುತ್ತದೆ. ನೀರು ಬಂದರೂ ಅದೇ ಬಗೆಯ ವ್ಯತ್ಯಾಸ. ಹಾಗಾಗಿ ಒದ್ದೆ ಕೈ ಯಾವುದು, ಒದ್ದೆ ಮಾತ್ರ ಯಾವುದು ಎಂದು ಅದಕ್ಕೆ ಗೊಂದಲ. ಬ್ರಿಟನ್ನಿನ ರಾಡಾರ್ ಸಂಶೋಧನಾಲಯದ ಇ. ಎ. ಜಾನ್ಸನ್ ಈ ಬಗೆಯ ಸ್ಪರ್ಶಪರದೆಯ ವಿವರವನ್ನು ಮೊದಲು ಪ್ರಕಟಿಸಿದ್ದು 1965ರಲ್ಲಿ. ಅದು ಒಣ ಕೈಯ, ಕುಳಿತು ಮಾಡುವ ಕೆಲಸಕ್ಕೆ ಹುಟ್ಟಿದ್ದು. ಅದನ್ನು ತಂದು ಮನೆಯಲ್ಲಿ ಅತಿ ಹೆಚ್ಚು ನೀರು ಬೀಳುವ ಎರಡು ಜಾಗಗಳಲ್ಲಿ, ಒಲೆಯ ಮೇಲೂ ಬಟ್ಟೆ ಒಗೆಯುವ ಯಂತ್ರದ ಮೇಲೂ, ಕೂರಿಸಿದವರು ನೀವು.

ಹಳೆಯ ಒಲೆಯ ತಿರುಗಿಸುವ ಗುಂಡಿಯನ್ನು ನೆನಪಿಸಿಕೊಳ್ಳಿ. ಒಂದೇ ತಿರುವಿಗೆ ಪೂರ್ತಿ ಆರುತ್ತಿತ್ತು, ಕೈ ಒದ್ದೆಯಾದರೂ, ಕೈಯಲ್ಲಿ ಬಟ್ಟೆ ಹಿಡಿದಿದ್ದರೂ. ಅದಕ್ಕಿಂತ ಮುಖ್ಯವಾಗಿ, ಆ ಗುಂಡಿ ತಾನು ಈಗ ಎಲ್ಲಿದ್ದೇನೆಂದು ಹೇಳುತ್ತಿತ್ತು. ಅದರ ಮೂಗು ಯಾವ ಕಡೆಗಿದೆ ಎಂದು ಬೆರಳು ಸವರಿದರೆ ಉರಿ ಎಷ್ಟಿದೆ ಎಂದು ತಿಳಿಯುತ್ತಿತ್ತು. ಕಳೆಚಿಹ್ನೆ ಏನನ್ನೂ ಹೇಳುವುದಿಲ್ಲ. ಒಂಬತ್ತರಿಂದ ಎರಡಕ್ಕೆ ಇಳಿಯಬೇಕಾದರೆ ಏಳು ಸಲ ಮುಟ್ಟಬೇಕು, ಮುಟ್ಟಿದ್ದು ಅದಕ್ಕೆ ತಿಳಿಯಿತೆಂದು ನಮಗೆ ತಿಳಿಯಲು ಅದು ಏಳು ಸಲ ‘ಬೀಪ್’ ಎನ್ನಬೇಕು. ಬೆರಳಿಗೆ ಉತ್ತರ ಕೊಡುವುದು ಗಾಜಿಗೆ ಆಗದ್ದರಿಂದ ಕಿವಿಗೆ ಕೊಡುತ್ತಿದೆ. ರಾತ್ರಿ ಹನ್ನೊಂದಕ್ಕೆ ಯಾರಾದರೂ ನೀರು ಬಿಸಿಮಾಡಿದರೆ ಇಡೀ ಮನೆಗೆ ಆ ಉತ್ತರ ತಲುಪುತ್ತದೆ.

ಇನ್ನು ಬಟ್ಟೆ ಒಗೆಯುವ ಯಂತ್ರ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ಪತ್ರವನ್ನು ನಾನು ಬರೆಯುತ್ತಿದ್ದರೂ ಇದರ ಹಿಂದಿನ ತಲೆ ನನ್ನ ಅಮ್ಮನದು.

ಅಮ್ಮನ ಕಣ್ಣು ಕೆಲವು ವರ್ಷಗಳಿಂದ ಮಂಜಾಗಿದೆ. ಎದುರಿಗೆ ಬಂದವರು ಯಾರೆಂದು ತಿಳಿಯುತ್ತದೆ, ಕಪ್ಪು ಗಾಜಿನ ಮೇಲೆ ಬೂದು ಬಣ್ಣದಲ್ಲಿ ಕೂದಲೆಳೆಯಷ್ಟು ತೆಳುವಾಗಿ ಬರೆದ ಅಕ್ಷರ ತಿಳಿಯುವುದಿಲ್ಲ. (ಕಪ್ಪಿನ ಮೇಲೆ ಬೂದು ಬರೆಯುವ ಯೋಚನೆ ಯಾರಿಗೆ ಬಂತು? ಕಣ್ಣು ನೆಟ್ಟಗಿರುವ ನನಗೂ ಬಗ್ಗಿ ನೋಡಬೇಕು.) ಯಂತ್ರ ಬಂದ ಮೊದಲ ವಾರ ಅಮ್ಮ ಪ್ರತಿ ಸಲವೂ ನನ್ನನ್ನು ಕೂಗುತ್ತಿದ್ದಳು. ಎರಡನೆಯ ವಾರ ಕೂಗುವುದನ್ನು ನಿಲ್ಲಿಸಿ, ನಾನು ಮನೆಯಲ್ಲಿರುವ ಹೊತ್ತಿಗೆ ಬಟ್ಟೆ ಒಗೆಯುವುದನ್ನು ಹೊಂದಿಸಿಕೊಂಡಳು. ನಲವತ್ತು ವರ್ಷ ಮನೆ ನಡೆಸಿದವಳು ಒಂದು ಬಕೆಟ್ ಬಟ್ಟೆಗೆ ಇನ್ನೊಬ್ಬರ ಬಿಡುವು ಕಾಯುವಂತಾಯಿತು. ಅದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ, ನಾನೂ ಬಹಳ ದಿನ ಗಮನಿಸಲಿಲ್ಲ.

ಒಂದು ಮಧ್ಯಾಹ್ನ ಅವಳು ಮೇಜಿನ ಖಾನೆಯಿಂದ ಅಂಟಿನ ಟ್ಯೂಬು ತಂದು, ಯಂತ್ರ ಶುರುಮಾಡುವ ಗುರುತಿನ ಮೇಲೆ ಒಂದು ಹನಿ ಬಿಟ್ಟಳು. ಒಣಗಿದ ಮೇಲೆ ಗಟ್ಟಿಯಾದ ಪಾರದರ್ಶಕ ಮಣಿಯಂತೆ ನಿಂತಿತು. ಬೆರಳಿಗೆ ಚೆನ್ನಾಗಿ ಸಿಗುತ್ತಿತ್ತು. ಆದರೆ ಅಂಟಿನ ದಪ್ಪ ನಡುವೆ ಬಂದದ್ದರಿಂದ ಗಾಜಿಗೆ ಬೆರಳೇ ತಿಳಿಯದಾಯಿತು. ಅಮ್ಮ ಬೇಸರಿಸಲಿಲ್ಲ. ಉಗುರಿನಿಂದ ಹನಿಯನ್ನು ಕೆರೆದು ಕಿತ್ತು, ಈ ಸಲ ಗುರುತಿನ ಮೇಲಲ್ಲದೆ ಅದರ ಎಡಪಕ್ಕದಲ್ಲಿ, ಒಂದು ಬೆರಳಗಲ ಬಿಟ್ಟು, ಹೊಸ ಹನಿ ಇಟ್ಟಳು. ತಡೆಹಿಡಿಯುವ ಗುರುತಿಗೆ ಎರಡು ಹನಿ, ಒಂದರ ಕೆಳಗೊಂದು. ಈಗ ತೋರುಬೆರಳಿನಿಂದ ಗಾಜನ್ನು ಸವರುತ್ತ ಬರುತ್ತಾಳೆ, ಹನಿ ಸಿಕ್ಕಿದೊಡನೆ ನಿಲ್ಲುತ್ತಾಳೆ, ಬೆರಳನ್ನು ಒಂದಿಷ್ಟು ಬಲಕ್ಕೆ ಸರಿಸಿ ಮುಟ್ಟುತ್ತಾಳೆ. ಯಂತ್ರ ಹೊರಡುತ್ತದೆ. ಅಂದಿನಿಂದ ನನ್ನ ಬಿಡುವಿನ ಗೊಡವೆ ಅವಳಿಗಿಲ್ಲ.

ಇದನ್ನು ನೋಡಿದ ಮೇಲೆ ನನಗೆ ಆಲ್ಫೋನ್ಸ್ ಚಾಪಾನಿಸ್ ನೆನಪಾದರು. ನಿಮ್ಮ ವೃತ್ತಿಯಲ್ಲಿ ಓದಿದವರಿಗೆ ಈ ಹೆಸರು ಹೊಸದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ಬಾಂಬರ್ ವಿಮಾನಗಳು ಒಂದು ವಿಚಿತ್ರ ರೀತಿಯಲ್ಲಿ ಹಾಳಾಗುತ್ತಿದ್ದವು. ವಿಮಾನ ಸುರಕ್ಷಿತವಾಗಿ ಇಳಿದು ಓಡುಹಾದಿಯ ಮೇಲೆ ಸಾಗುತ್ತಿರುವಾಗಲೇ ಪೈಲಟ್ ಅದರ ಚಕ್ರಗಳನ್ನು ಒಳಗೆ ಎಳೆದುಬಿಡುತ್ತಿದ್ದ. ವಿಮಾನ ಹೊಟ್ಟೆಯಡಿಯಾಗಿ ನೆಲಕ್ಕೆ ಕುಸಿಯುತ್ತಿತ್ತು. ಪೈಲಟ್‌ನ ತಪ್ಪು ಎಂದು ವರದಿ ಬರೆದು ಮುಗಿಸುತ್ತಿದ್ದರು. ಯುವ ಮನಶ್ಶಾಸ್ತ್ರಜ್ಞರಾಗಿದ್ದ ಚಾಪಾನಿಸ್ ವಿಮಾನದೊಳಗೆ ಹೋಗಿ ನೋಡಿದರು. ಚಕ್ರಗಳ ಸ್ವಿಚ್ಚೂ ರೆಕ್ಕೆಯ ಫ್ಲ್ಯಾಪುಗಳ (ಇಳಿಯುವಾಗ ಹೊರಚಾಚುವ ಹಲಗೆಗಳ) ಸ್ವಿಚ್ಚೂ ಒಂದೇ ಆಕಾರದವು, ಅಕ್ಕಪಕ್ಕದಲ್ಲೇ ಕುಳಿತಿದ್ದವು. ಇಳಿದ ಮೇಲೆ ಫ್ಲ್ಯಾಪುಗಳನ್ನು ಮಡಿಚಬೇಕು. ದಣಿದ ಕೈ ಪಕ್ಕದ್ದನ್ನು ಎಳೆಯುತ್ತಿತ್ತು. ಪರಿಹಾರ ಸರಳವಾಗಿತ್ತು: ಚಕ್ರದ ಹಿಡಿಗೆ ಚಿಕ್ಕದೊಂದು ರಬ್ಬರ್ ಚಕ್ರ, ಫ್ಲ್ಯಾಪಿನ ಹಿಡಿಗೆ ರೆಕ್ಕೆಯಂಥ ಬೆಣೆ. ಆ ಗೊಂದಲ ಅಲ್ಲಿಗೆ ಮುಗಿಯಿತು. ಇಂದಿಗೂ ಪ್ರಯಾಣಿಕ ವಿಮಾನಗಳಲ್ಲಿ ಚಕ್ರದ ಹಿಡಿ ಚಕ್ರದಂತೆಯೇ ಇರಬೇಕೆಂದು ನಿಯಮವಿದೆ. ಪೈಲಟ್‌ಗೆ ನೋಡದೆಯೇ ತಿಳಿಯಬೇಕು.

ಚಾಪಾನಿಸ್ ರಬ್ಬರಿನಲ್ಲಿ ಮಾಡಿದ್ದನ್ನು ಅಮ್ಮ ಅಂಟಿನಲ್ಲಿ ಮಾಡಿದಳು. ಅವರು ಅದನ್ನು ಮಾಡಿ ಎಂಬತ್ತು ವರ್ಷ ಕಳೆದ ಮೇಲೂ ಅವಳು ಮಾಡಬೇಕಾಗಿ ಬಂದದ್ದೇಕೆ ಎಂಬುದು ನಿಮಗೆ ನನ್ನ ಪ್ರಶ್ನೆ.

ಉತ್ತರ ಊಹಿಸಬಲ್ಲೆ, ನಿಮಗೆ ಅನ್ಯಾಯವಾಗದಂತೆ ಹೇಳುತ್ತೇನೆ. ಪ್ರತಿ ಗುಂಡಿಗೂ ಒಂದು ಅಚ್ಚು ಬೇಕು, ಒಂದು ಸ್ಪ್ರಿಂಗ್ ಬೇಕು, ಒಳಗೆ ತಂತಿ ಬೇಕು. ಅದು ಸವೆಯುತ್ತದೆ, ಸಂದಿನಲ್ಲಿ ಕೊಳೆ ಕೂರುತ್ತದೆ, ನೀರು ಇಳಿಯುತ್ತದೆ. ಗಾಜಿಗೆ ಇದಾವುದೂ ಇಲ್ಲ. ಒಂದೇ ಗಾಜನ್ನು ಹತ್ತು ಮಾದರಿಗಳಿಗೆ ಹಚ್ಚಬಹುದು, ಅದರ ಮೇಲೆ ಏನು ಬರೆಯಬೇಕೆಂಬುದನ್ನು ಕೊನೆಯ ದಿನದವರೆಗೂ ಮುಂದೂಡಬಹುದು. ಮಾರಾಟವಾದ ಮೇಲೂ ಬದಲಾಯಿಸಬಹುದು. ಗಾಜು ಮಾಡಿಕೊಟ್ಟ ಉಪಕಾರವೂ ದೊಡ್ಡದೇ. ನಕ್ಷೆಯನ್ನು ಎರಡು ಬೆರಳಿನಿಂದ ಹಿಗ್ಗಿಸುವುದನ್ನು ಯಾವ ಗುಂಡಿಯೂ ಮಾಡಲಾರದು. ಒಂದೇ ಫೋನು ಯಾವ ಲಿಪಿಯ ಕೀಲಿಮಣೆಯನ್ನಾದರೂ ತೋರಿಸುವುದು ಗಾಜಿನಿಂದಲೇ. ಕಣ್ಣಿಲ್ಲದವರಿಗೆ ಗಾಜು ಶಾಪ ಎಂದು ಒಂದೇ ಉಸಿರಿಗೆ ಹೇಳುವಂತಿಲ್ಲ. 2009ರಲ್ಲಿ ಐಫೋನ್ ತನ್ನ ಪರದೆಯ ಮೇಲಿರುವುದನ್ನು ಓದಿ ಹೇಳತೊಡಗಿದ ಮೇಲೆ, ಬೆರಳು ಸರಿದಂತೆಲ್ಲ ಅದರಡಿ ಏನಿದೆ ಎಂದು ಫೋನೇ ಹೇಳುತ್ತದೆ. ಯೋಚನೆ ಮಾಡಿದವರಿದ್ದರೆ ಗಾಜಿಗೂ ಬಾಯಿ ಬರುತ್ತದೆ. ಬಟ್ಟೆ ಒಗೆಯುವ ಯಂತ್ರದ ಗಾಜಿಗೆ ಬಂದಿಲ್ಲ, ಅಷ್ಟೆ.

ನನ್ನ ಗುಮಾನಿ ಬೇರೆ. ಗುಂಡಿಯಿಲ್ಲದ ನುಣುಪು ಮುಖ ಅಂಗಡಿಯಲ್ಲಿ ಹೊಸ ಕಾಲದ್ದೆಂದು ಕಾಣುತ್ತದೆ. ಅಲ್ಲಿ ಅದನ್ನು ಹತ್ತು ನಿಮಿಷ ನೋಡುವುದು ಕಣ್ಣು. ಮನೆಗೆ ತಂದ ಮೇಲೆ ಹತ್ತು ವರ್ಷ ಅದರೊಂದಿಗೆ ಏಗುವುದು ಕೈ. ಕೊಳ್ಳುವ ಹೊತ್ತಿನಲ್ಲಿ ಕೈಯನ್ನು ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ, ಒಪ್ಪಿಕೊಳ್ಳುತ್ತೇನೆ. ಆ ಕಪ್ಪು ಗಾಜಿನ ಯಂತ್ರವನ್ನು ‘ಎಷ್ಟು ಚೆನ್ನಾಗಿದೆ’ ಎಂದು ಆರಿಸಿದವರಲ್ಲಿ ನಾನೇ ಮೊದಲಿಗ.

ಒಲೆ, ಬಟ್ಟೆಯ ಮಾತು ಸಣ್ಣದೆನಿಸಿದರೆ ರಸ್ತೆಗೆ ಬನ್ನಿ. 2022ರಲ್ಲಿ ಸ್ವೀಡನ್ನಿನ ಒಂದು ವಾಹನ ಪತ್ರಿಕೆ ಆಗಿನ ಹೊಸ ಕಾರುಗಳ ಜೊತೆಗೆ, ಸ್ಪರ್ಶಪರದೆಯೇ ಇಲ್ಲದ 2005ರ ವೋಲ್ವೋ ಒಂದನ್ನೂ ಪರೀಕ್ಷೆಗೆ ಕೂರಿಸಿತು. ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಹೋಗುತ್ತ ರೇಡಿಯೊ ಬದಲಾಯಿಸುವುದು, ಕಾರಿನೊಳಗಿನ ಶಾಖ ಹೆಚ್ಚಿಸುವುದು ಮುಂತಾದ ಕೆಲವು ಸಾಮಾನ್ಯ ಕೆಲಸಗಳನ್ನು ಮಾಡಬೇಕು. ಹದಿನೇಳು ವರ್ಷ ಹಳೆಯ ಕಾರಿನಲ್ಲಿ ಎಲ್ಲ ಮುಗಿಯಲು 10 ಸೆಕೆಂಡು ಹಿಡಿಯಿತು. ಹೊಸದರಲ್ಲಿ ಅತಿ ಹಿಂದುಳಿದದ್ದಕ್ಕೆ ಸುಮಾರು 45 ಸೆಕೆಂಡು. ಆ ವೇಗದಲ್ಲಿ 45 ಸೆಕೆಂಡೆಂದರೆ ಒಂದೂಕಾಲು ಕಿಲೋಮೀಟರಿಗೂ ಹೆಚ್ಚು ದೂರ. ಅಷ್ಟು ದೂರ ಚಾಲಕನ ಗಮನದಲ್ಲಿ ಒಂದು ಪಾಲು ಗಾಜಿಗೆ, ಉಳಿದದ್ದು ಮಾತ್ರ ರಸ್ತೆಗೆ.

ಸಮುದ್ರದಲ್ಲಿ ಇನ್ನೂ ಕೆಟ್ಟದ್ದು ನಡೆಯಿತು. 2017ರ ಆಗಸ್ಟ್ 21ರ ಬೆಳಗಿನ ಜಾವ ಸಿಂಗಪುರದ ಬಳಿ ಅಮೆರಿಕದ ಯುದ್ಧನೌಕೆ ಜಾನ್ ಎಸ್. ಮೆಕೇನ್ ಒಂದು ತೈಲನೌಕೆಗೆ ಡಿಕ್ಕಿಯಾಗಿ 10 ನಾವಿಕರು ಸತ್ತರು. ಹಡಗಿನ ಚುಕ್ಕಾಣಿಯ ಹಿಡಿತ ಒಂದು ಪರದೆಯಿಂದ ಇನ್ನೊಂದಕ್ಕೆ ದಾಟಿಹೋಗಿತ್ತು, ದಾಟಿದ್ದು ಅಲ್ಲಿದ್ದವರಿಗೆ ತಿಳಿದಿರಲಿಲ್ಲ. ಎರಡೂ ಬದಿಯ ಪ್ರೊಪೆಲ್ಲರುಗಳ ವೇಗ ಇಳಿಸಹೋದರೆ ಒಂದು ಬದಿಯದು ಮಾತ್ರ ಇಳಿದು ಹಡಗು ಪಕ್ಕಕ್ಕೆ ತಿರುಗಿತು. ತನಿಖೆ ಹೇಳಿದ ಕಾರಣಗಳು ಹಲವು. ಸಿಬ್ಬಂದಿಗೆ ತರಬೇತಿ ಸಾಲದ್ದು ಅವುಗಳಲ್ಲಿ ದೊಡ್ಡದು. ಗಾಜೊಂದನ್ನೇ ಅಪರಾಧಿಯೆಂದು ನಾನು ನಿಲ್ಲಿಸುವುದಿಲ್ಲ. ಆದರೆ ಆ ನೌಕಾಪಡೆ 2019ರಲ್ಲಿ ತೆಗೆದುಕೊಂಡ ತೀರ್ಮಾನ ನಿಮಗೆ ತಿಳಿದಿರಲಿ: ವೇಗದ ನಿಯಂತ್ರಣವನ್ನು ಪರದೆಯಿಂದ ತೆಗೆದು ಮತ್ತೆ ಕೈಯಲ್ಲಿ ಹಿಡಿಯುವ ಸನ್ನೆಗೋಲುಗಳಿಗೆ ಒಪ್ಪಿಸುವುದು. ಕಾರುಗಳ ಸುರಕ್ಷತೆಗೆ ನಕ್ಷತ್ರ ಕೊಡುವ ಯೂರೋ ಎನ್‌ಕ್ಯಾಪ್ ಸಂಸ್ಥೆಯೂ 2026ರಿಂದ ಹಾರ್ನ್, ವೈಪರ್, ತಿರುವಿನ ದೀಪ, ಅಪಾಯದ ದೀಪ, ತುರ್ತುಕರೆ ಇವಕ್ಕೆ ಕೈಗೆ ಸಿಗುವ ಗುಂಡಿಗಳನ್ನು ಬಯಸುತ್ತದೆ. ಹಾರ್ನಿಗೆ ಗುಂಡಿ ಇರಬೇಕೆಂದು ನಿಯಮದ ಬಾಯಲ್ಲಿ ಹೇಳಿಸಬೇಕಾಯಿತಲ್ಲ, ಅದನ್ನು ಓದಿ ನಗು ಬಂತು.

ಈವರೆಗೆ ಹೇಳಿದ್ದು ಗುಂಡಿ ಇಲ್ಲದ ಕಷ್ಟ. ಗುಂಡಿ ಇದ್ದ ಜಾಗದಲ್ಲೇ ಇದ್ದು, ರಾತ್ರೋರಾತ್ರಿ ಬೇರೆಯಾಗಿಬಿಡುವ ಕಷ್ಟ ಇನ್ನೊಂದಿದೆ. ಇದು ಅಪ್ಪನ ಕತೆ.

ಅಪ್ಪ ಮೊಬೈಲ್ ಕಲಿತದ್ದು ತಡವಾಗಿ, ಆದರೆ ಶ್ರದ್ಧೆಯಿಂದ. ಕರೆ ಬಂದರೆ ಹಸಿರು ವೃತ್ತ ಬರುತ್ತದೆ, ಅದನ್ನು ಮುಟ್ಟಿದರೆ ಮಾತು ಕೇಳುತ್ತದೆ. ಇಷ್ಟನ್ನು ಕೈಗೆ ಹತ್ತಿಸಿಕೊಳ್ಳಲು ಅವರಿಗೆ ಒಂದು ತಿಂಗಳು ಬೇಕಾಯಿತು. ಹತ್ತಿದ ಮೇಲೆ ಎರಡನೆಯ ರಿಂಗಿಗೇ ‘ಹಲೋ’ ಬರುತ್ತಿತ್ತು. ಒಂದು ದಿನ ಕಚೇರಿಯಿಂದ ಫೋನು ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಏಳು ಸಲ ಮಾಡಿದೆ. ಎದೆ ಹೊಡೆದುಕೊಳ್ಳತೊಡಗಿ, ಅರ್ಧ ದಿನದ ರಜೆ ಹಾಕಿ ಮನೆಗೆ ಓಡಿ ಬಂದರೆ ಅಪ್ಪ ಕುರ್ಚಿಯಲ್ಲಿ ಕುಳಿತಿದ್ದಾರೆ. ಫೋನು ತೊಡೆಯ ಮೇಲಿದೆ. ಹಿಂದಿನ ರಾತ್ರಿ ಫೋನು ತನ್ನನ್ನು ತಾನು ಅಪ್‌ಡೇಟ್ ಮಾಡಿಕೊಂಡಿತ್ತು. ಹಸಿರು ವೃತ್ತ ಅಲ್ಲೇ ಇತ್ತು, ಅದೇ ಹಸಿರು. ಈಗ ಅದನ್ನು ಮುಟ್ಟಿದರೆ ಸಾಲದು, ಮೇಲಕ್ಕೆ ಜಾರಿಸಬೇಕು. ಏಳು ಸಲವೂ ಅಪ್ಪ ಮುಟ್ಟಿದ್ದರು. ಮುಟ್ಟಿ, ಕಿವಿಗಿಟ್ಟುಕೊಂಡು, ಇನ್ನೂ ರಿಂಗಾಗುತ್ತಿದ್ದ ಫೋನಿಗೇ ‘ಹಲೋ, ಹೇಳು’ ಎಂದಿದ್ದರು.

ಜಾರಿಸುವಂತೆ ಮಾಡಿದ್ದಕ್ಕೂ ಕಾರಣವಿದ್ದೀತು. ಜೇಬಿನಲ್ಲಿದ್ದಾಗ ಅಕಸ್ಮಾತ್ ತಗುಲಿ ಕರೆ ಸ್ವೀಕಾರವಾಗಬಾರದು. ಒಳ್ಳೆಯದೇ. ಆದರೆ ಅಪ್ಪ ನನ್ನನ್ನು ನೋಡಿ ಮೊದಲು ಹೇಳಿದ್ದೇನು ಗೊತ್ತೇ? ‘ಫೋನು ಕೆಟ್ಟಿದೆ’ ಎಂದಲ್ಲ. ‘ನನಗೆ ಈಚೆಗೆ ಏನೂ ತಲೆಗೆ ಹೋಗುತ್ತಿಲ್ಲ ಕಣಪ್ಪ’ ಎಂದರು.

ನನ್ನ ಸಿಟ್ಟೆಲ್ಲ ಇದೊಂದು ಮಾತಿನ ಮೇಲೆ. ಬೀಗದ ಕೈ ಹೊಂದದಿದ್ದರೆ ಬೀಗವನ್ನು ಬೈಯುತ್ತೇವೆ. ಬಾಗಿಲು ಕೂಡಿಕೊಳ್ಳದಿದ್ದರೆ ಬಡಗಿಯನ್ನು ಬೈಯುತ್ತೇವೆ. ಪರದೆ ಮಾತು ಕೇಳದಿದ್ದರೆ ಮಾತ್ರ ನಮ್ಮನ್ನೇ ಬೈದುಕೊಳ್ಳುತ್ತೇವೆ. ಬಿ-17ರ ಪೈಲಟ್‌ಗಳೂ ಹಾಗೆಯೇ ಬೈದುಕೊಂಡಿರಬೇಕು. ಎಪ್ಪತ್ತು ದಾಟಿದವರೊಬ್ಬರು ತಮ್ಮ ಬುದ್ಧಿಯ ಮೇಲೆಯೇ ಅನುಮಾನ ಪಡುವಂತೆ ಮಾಡಲು ನಿಮಗೆ ಬೇಕಾದದ್ದು ಒಂದು ರಾತ್ರಿ, ಅದೂ ಅವರು ನಿದ್ರಿಸುತ್ತಿದ್ದಾಗ. ಬದಲಾವಣೆಯ ಪಟ್ಟಿಯಲ್ಲಿ ನೀವು ಬರೆದದ್ದು ಬಹುಶಃ ಒಂದೇ ಸಾಲು, ‘ಅನುಭವವನ್ನು ಉತ್ತಮಪಡಿಸಲಾಗಿದೆ’ ಎಂದು. ಯಾರ ಅನುಭವ ಎಂದು ಬರೆಯುವ ರೂಢಿ ನಿಮ್ಮಲ್ಲಿಲ್ಲ.

ಹಾಗಾದರೆ ಏನೂ ಬದಲಾಗಬಾರದೇ ಎಂದು ಕೇಳುವಿರಿ. ಬದಲಾಗಲಿ. ಆದರೆ ಕೈಗೆ ಒಮ್ಮೆ ಕಲಿಸಿದ ದಾರಿಯನ್ನು ಮುಚ್ಚುವ ಮುನ್ನ, ಹಳೆಯದೂ ಹೊಸದೂ ಎರಡೂ ನಡೆಯುವ ಕೆಲವು ತಿಂಗಳುಗಳನ್ನು ಕೊಡಿ. ರಸ್ತೆ ಅಗೆಯುವವರು ಕೂಡ ಬದಲಿ ದಾರಿ ತೋರಿಸಿ ಅಗೆಯುತ್ತಾರೆ. ಕರೆ ಸ್ವೀಕರಿಸುವುದು, ಕರೆ ಮುಗಿಸುವುದು, ಉರಿ ಆರಿಸುವುದು, ಯಂತ್ರ ನಿಲ್ಲಿಸುವುದು, ದನಿ ತಗ್ಗಿಸುವುದು ಇಂಥ ಕೆಲಸಗಳನ್ನು ಮನುಷ್ಯರು ಅವಸರದಲ್ಲಿ, ಕತ್ತಲಲ್ಲಿ, ಒದ್ದೆ ಕೈಯಲ್ಲಿ, ಒಂದು ಕಂಕುಳಲ್ಲಿ ಮಗು ಇರುವಾಗ ಮಾಡುತ್ತಾರೆ. ಅವಕ್ಕೆ ನಿಜವಾದ ಗುಂಡಿ ಕೊಡಿ. ಉಳಿದ ನಲವತ್ತು ಸೌಲಭ್ಯಗಳನ್ನು ನಿಮ್ಮ ಗಾಜಿನಲ್ಲೇ ಇಟ್ಟುಕೊಳ್ಳಿ. ಅವುಗಳಲ್ಲಿ ಮೂವತ್ತೆಂಟನ್ನು ನಾವು ಮುಟ್ಟುವುದೇ ಇಲ್ಲ. ಗಾಜೇ ಬೇಕೆಂದು ಹಟವಿದ್ದರೆ ಗಾಜಿನ ಅಂಚಿನಲ್ಲಾದರೂ ಒಂದು ಉಬ್ಬುಚುಕ್ಕೆ ಎಬ್ಬಿಸಿ. ಅಚ್ಚಿನಲ್ಲೇ ಬಂದರೆ ಅದಕ್ಕೆಂದು ಬೇರೆ ಬಿಡಿಭಾಗ ಬೇಕಿಲ್ಲ. ಎಲ್ಲಿ ಇಡಬೇಕೆಂದು ತಿಳಿಯದಿದ್ದರೆ ಅಮ್ಮ ತೋರಿಸುತ್ತಾಳೆ: ಗುರುತಿನ ಎಡಕ್ಕೆ, ಒಂದು ಬೆರಳಗಲ ಬಿಟ್ಟು.

ಇನ್ನೊಂದು ಕೋರಿಕೆ, ನಿಮ್ಮ ಪರೀಕ್ಷೆಗಳ ಬಗೆಗೆ. ಹೊಸ ಯಂತ್ರವನ್ನು ಮಾರುಕಟ್ಟೆಗೆ ಬಿಡುವ ಮುನ್ನ, ಅದನ್ನು ರೂಪಿಸಿದವರ ಕಣ್ಣಿಗೆ ಬಟ್ಟೆ ಕಟ್ಟಿ, ಕೈಯನ್ನು ನೀರಿನಲ್ಲಿ ಅದ್ದಿಸಿ, ಅದನ್ನು ನಿಲ್ಲಿಸಲು ಹೇಳಿ. ಬೇರೆಯವರನ್ನು ಕರೆದು ಮಾಡಿಸಬೇಡಿ, ನೀವೇ ಮಾಡಿ. ಎಷ್ಟು ಸೆಕೆಂಡು ಹಿಡಿಯಿತೆಂದು ಬರೆದಿಟ್ಟುಕೊಳ್ಳಿ.

ಈ ಪತ್ರವನ್ನು ಬರೆಯತೊಡಗಿದ್ದು ಹಿಂದಿನ ವಾರ. ಮುಗಿಸುವಷ್ಟರಲ್ಲಿ ನಮ್ಮ ಹಳೆಯ ಒಗೆಯುವ ಯಂತ್ರ ಕೊನೆಯ ಸಲ ಗಡಗಡಿಸಿ ನಿಂತಿತು, ಇನ್ನು ರಿಪೇರಿಯಾಗದೆಂದು ತಿಳಿಯಿತು. ಹೊಸದು ನಿನ್ನೆ ಬಂತು. ಈ ಸಲ ಆರಿಸುವಾಗ ಕೈಯನ್ನು ಕೇಳಬೇಕೆಂದುಕೊಂಡೇ ಅಂಗಡಿಗೆ ಹೋಗಿದ್ದೆ. ನಮಗೆ ಬೇಕಾದ ಅಳತೆಯಲ್ಲಿ ಗುಂಡಿ ಇರುವುದು ಒಂದೂ ಸಿಗಲಿಲ್ಲ. ಇದರ ಮುಖ ಹಳೆಯದಕ್ಕಿಂತ ನುಣುಪು. ವಿದ್ಯುತ್ ಹರಿಯದಿದ್ದಾಗ ಅಕ್ಷರಗಳು ಕೂಡ ಕಾಣುವುದಿಲ್ಲ, ಬರೀ ಕಪ್ಪು ಕನ್ನಡಿ. ಜೋಡಿಸಲು ಬಂದ ಹುಡುಗ ಎಲ್ಲವನ್ನೂ ಚಕಚಕನೆ ತೋರಿಸಿ, ‘ಬರೀ ಹೀಗೆ ಮುಟ್ಟಿದರೆ ಸಾಕು ಅಮ್ಮ’ ಎಂದು ಹೇಳಿ ಹೋದ.

ಅವನು ಹೋದ ಮೇಲೆ ಅಮ್ಮ ಖಾನೆಯಿಂದ ಅಂಟಿನ ಟ್ಯೂಬು ತಂದಳು. ನಾನು ಟಾರ್ಚ್ ಹಿಡಿದು ಗುರುತುಗಳನ್ನು ಹೇಳುತ್ತ ಹೋದೆ, ಅವಳು ಹನಿ ಇಡುತ್ತ ಹೋದಳು. ಶುರುವಿಗೆ ಒಂದು, ತಡೆಗೆ ಎರಡು, ಬಾಗಿಲಿಗೆ ಮೂರು. ಗಟ್ಟಿಯಾಗಲು ಒಂದು ಹಗಲು, ಒಂದು ರಾತ್ರಿ ಬೇಕು. ಅಲ್ಲಿಯವರೆಗೆ ಯಾರೂ ಯಂತ್ರವನ್ನು ಮುಟ್ಟಕೂಡದೆಂದು ಅಪ್ಪಣೆಯಾಗಿದೆ.

ಇಂತಿ,
ನಿಮ್ಮ ಬಳಕೆದಾರರಲ್ಲೊಬ್ಬ